ಹೆಸರಿನ ಮುಂದೆ ‘ಆರ್‌ಎಲ್’: ಫಿಲಿಪೀನ್ಸ್‌ನ ಲೈಬ್ರರಿಯನ್‌ಗಳು ಹೇಗೆ ಬೆಳೆಯುತ್ತಾರೆ?

ಪ್ರಶ್ನೆ: ನಾನು ಮೈಸೂರಿನಲ್ಲಿ ಲೈಬ್ರರಿ ಸೈನ್ಸ್ ಓದಿದವಳು. ಮೂರು ವರ್ಷದಿಂದ ದೋಹಾದ ಶಾಲೆಯೊಂದರ ಲೈಬ್ರರಿಯಲ್ಲಿ ಸಹಾಯಕಿ. ನಮ್ಮ ಮುಖ್ಯಸ್ಥೆ ಫಿಲಿಪೀನ್ಸ್‌ನವರು. ಹೆಸರಿನ ಮುಂದೆ ‘ಆರ್‌ಎಲ್’ ಅಂತ ಬರೆದುಕೊಳ್ಳುತ್ತಾರೆ, ಪರ್ಸಿನಲ್ಲಿ ಲೈಬ್ರರಿಯನ್ ಲೈಸೆನ್ಸ್ ಇಟ್ಟುಕೊಂಡಿದ್ದಾರೆ. ನಮ್ಮಲ್ಲಿ ಇದನ್ನು ಕೇಳಿಯೇ ಇರಲಿಲ್ಲ. ಅಷ್ಟೆಲ್ಲ ಗೌರವ ಇರುವ ದೇಶ ಬಿಟ್ಟು ಇವರು ಇಲ್ಲಿಗೆ ಯಾಕೆ ಬಂದರು? ಅಲ್ಲಿ ಈ ವೃತ್ತಿಯಲ್ಲಿ ಬೆಳೆಯುವುದು ಹೇಗೆ? ಆ ಪರೀಕ್ಷೆಯನ್ನು ನಾನೂ ಬರೆಯಬಹುದಾ?

ಉತ್ತರ: ಎರಡನೇ ಪ್ರಶ್ನೆಗೆ ಉತ್ತರ ಸಿಕ್ಕರೆ ಮೊದಲನೆಯದಕ್ಕೂ ಸಿಕ್ಕಂತೆ. ಹಾಗಾಗಿ ಲೈಸೆನ್ಸ್‌ನಿಂದಲೇ ಶುರು ಮಾಡೋಣ.

‘ಆರ್‌ಎಲ್’ ಎಂದರೆ ರಿಜಿಸ್ಟರ್ಡ್ ಲೈಬ್ರರಿಯನ್. ನಮ್ಮಲ್ಲಿ ಡಾಕ್ಟರು, ವಕೀಲರು ನೋಂದಣಿ ಮಾಡಿಸಿಕೊಳ್ಳುತ್ತಾರಲ್ಲ, ಫಿಲಿಪೀನ್ಸ್‌ನಲ್ಲಿ ಲೈಬ್ರರಿಯನ್‌ಗಳೂ ಹಾಗೆಯೇ ಮಾಡಿಸಬೇಕು. 1990ರಲ್ಲಿ ರಿಪಬ್ಲಿಕ್ ಆಕ್ಟ್ 6966 ಬಂತು. ಲೈಸೆನ್ಸ್‌ಗಾಗಿ ಮೊದಲ ಪರೀಕ್ಷೆ ನಡೆದದ್ದು 1992ರಲ್ಲಿ. ಆ ಕಾನೂನನ್ನು ಇನ್ನಷ್ಟು ಬಿಗಿ ಮಾಡಿ ರಿಪಬ್ಲಿಕ್ ಆಕ್ಟ್ 9246 ತಂದರು. ಅದರ ಹೆಸರಿನಲ್ಲಿ 2003 ಅಂತ ಇದೆ, ಸಹಿ ಬಿದ್ದದ್ದು ಮಾತ್ರ 2004ರ ಫೆಬ್ರವರಿ 19ರಂದು. ಸರ್ಕಾರಿ ಲೈಬ್ರರಿಗಳಲ್ಲಿ ಲೈಸೆನ್ಸ್ ಇದ್ದವರನ್ನು ಮಾತ್ರ ಲೈಬ್ರರಿಯನ್ ಆಗಿ ನೇಮಿಸಬೇಕು ಎಂದು ಅದು ನೇರವಾಗಿ ಹೇಳುತ್ತದೆ. ಊರು, ನಗರಗಳ ಆಡಳಿತಕ್ಕೆ ಇದನ್ನು ಜಾರಿಗೆ ತರಲು ಮೂರು ವರ್ಷ ಗಡುವು ಕೊಟ್ಟಿತ್ತು.

ನಮ್ಮಲ್ಲಿ ಕಾಲೇಜು ಹುದ್ದೆಗಳಿಗೆ ನೆಟ್, ಕೆ-ಸೆಟ್ ಎಂಬ ಅರ್ಹತಾ ಪರೀಕ್ಷೆಗಳಿವೆ, ಅದೇ ಅಲ್ವಾ ಇದು ಅಂತ ನಿಮಗೆ ಅನ್ನಿಸಬಹುದು. ಅದೇ ಅಲ್ಲ. ನೆಟ್ ಒಂದು ಹುದ್ದೆಗೆ ಅರ್ಹತೆ. ಆರ್‌ಎಲ್ ಆ ಮನುಷ್ಯರ ಜೊತೆ ಹೋಗುತ್ತದೆ. ಕೆಲಸ ಬಿಟ್ಟರೂ ಅದು ಅವರದೇ. ತಪ್ಪು ಮಾಡಿದರೆ ವಾಪಸ್ ಪಡೆಯುವ ಅಧಿಕಾರವೂ ಕಾನೂನಿಗಿದೆ.

ಅಲ್ಲಿ ಲೈಬ್ರರಿ ಸೈನ್ಸ್ ನಾಲ್ಕು ವರ್ಷದ ಪದವಿ. ಪಿಯುಸಿ ಮುಗಿಸಿದ ವಯಸ್ಸಿಗೇ ಸೇರುತ್ತಾರೆ. ನಮ್ಮಲ್ಲಿ ಹೆಚ್ಚಿನವರು ಬೇರೆ ಪದವಿ ಮುಗಿಸಿ ಆಮೇಲೆ ಈ ಕಡೆ ಬರುತ್ತೇವೆ. ಅಲ್ಲಿ ಹದಿನೆಂಟು ವರ್ಷದ ಹುಡುಗಿಯೊಬ್ಬಳು ‘ನಾನು ಲೈಬ್ರರಿಯನ್ ಆಗ್ತೀನಿ’ ಎಂದು ಮೊದಲೇ ತೀರ್ಮಾನ ಮಾಡಿ ಕಾಲೇಜಿಗೆ ಹೋಗುತ್ತಾಳೆ. ಇದರಿಂದ ವೃತ್ತಿಯ ಬಗೆಗಿನ ಭಾವನೆಯೇ ಬದಲಾಗುತ್ತದೆ. ನಿಮ್ಮ ಮುಖ್ಯಸ್ಥೆಯ ಆತ್ಮವಿಶ್ವಾಸದ ಬೇರು ಇಲ್ಲೂ ಇರಬಹುದು.

ಆಮೇಲೆ ಲೈಸೆನ್ಸ್ ಪರೀಕ್ಷೆ, ಅಲ್ಲಿನವರ ಮಾತಿನಲ್ಲಿ ‘ಬೋರ್ಡ್ ಪರೀಕ್ಷೆ’. ಒಟ್ಟು ಆರು ವಿಷಯ: ಲೈಬ್ರರಿ ನಿರ್ವಹಣೆ ಮತ್ತು ಕಾನೂನು, ರೆಫರೆನ್ಸ್ ಸೇವೆ, ಪುಸ್ತಕ ಆಯ್ಕೆ ಮತ್ತು ಖರೀದಿ, ಕ್ಯಾಟಲಾಗಿಂಗ್ ಮತ್ತು ವರ್ಗೀಕರಣ, ಇಂಡೆಕ್ಸಿಂಗ್, ಮಾಹಿತಿ ತಂತ್ರಜ್ಞಾನ. ಸರಾಸರಿ 75 ಬರಬೇಕು, ಯಾವ ವಿಷಯದಲ್ಲೂ 50ಕ್ಕಿಂತ ಕಡಿಮೆ ಬರಬಾರದು. ಬಹುಕಾಲ ಕ್ಯಾಟಲಾಗಿಂಗ್‌ಗೆ 20ರಷ್ಟು ತೂಕವಿತ್ತು, ಮಾಹಿತಿ ತಂತ್ರಜ್ಞಾನಕ್ಕೆ ಬರೀ 10. ಕಾಲಕ್ಕೆ ತಕ್ಕಂತೆ ಇದು ಹಿಂದುಮುಂದಾಗಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಆದರೆ ಅಲ್ಲಿನ ಲೈಬ್ರರಿಯನ್‌ಗಳು ಕ್ಯಾಟಲಾಗಿಂಗ್‌ನಲ್ಲಿ ಅಷ್ಟು ಗಟ್ಟಿ ಇರುವುದಕ್ಕೂ ಇದೇ ಕಾರಣ. ಒಂದು ಪುಸ್ತಕ ಕೈಗೆ ಕೊಟ್ಟರೆ ಅದರ ಡ್ಯೂಯಿ ನಂಬರ್, ಅಂದರೆ ವಿಷಯದ ಪ್ರಕಾರ ಪುಸ್ತಕಕ್ಕೆ ಕೊಡುವ ಸಂಖ್ಯೆ, ಬಾಯಲ್ಲೇ ಹೇಳುವವರನ್ನು ನಾನು ಅಲ್ಲಿ ಕಂಡಿದ್ದೇನೆ.

ಫಲಿತಾಂಶದ ದಿನ ಅಲ್ಲಿ ಹಬ್ಬವೇ. ಪಾಸಾದವರ ಹೆಸರು ಪ್ರಕಟವಾಗುತ್ತದೆ. ಮೊದಲ ಹತ್ತು ಸ್ಥಾನ ಪಡೆದವರನ್ನು ‘ಟಾಪ್‌ನಾಚರ್’ ಎನ್ನುತ್ತಾರೆ. ಓದಿಸಿದ ಕಾಲೇಜು ಗೇಟಿಗೆ ಅವರ ಫೋಟೊ ಇರುವ ದೊಡ್ಡ ಬ್ಯಾನರ್ ಕಟ್ಟುತ್ತದೆ. ಆಮೇಲೆ ಪ್ರಮಾಣವಚನ ಸಮಾರಂಭ. ಅಪ್ಪ ಅಮ್ಮ ಒಳ್ಳೆ ಬಟ್ಟೆ ಹಾಕಿಕೊಂಡು ಬಂದು ಕೂರುತ್ತಾರೆ. ಮಗಳು ಬಲಗೈ ಎತ್ತಿ ಪ್ರಮಾಣ ಮಾಡುತ್ತಾಳೆ. ಲೈಬ್ರರಿಯನ್ ಆದ ಮಗಳಿಗಾಗಿ ತಾಯಿ ಕಣ್ಣೊರೆಸಿಕೊಳ್ಳುವುದನ್ನು ನಮ್ಮಲ್ಲಿ ಎಷ್ಟು ಜನ ನೋಡಿದ್ದೇವೆ?

ಇನ್ನೊಂದು ಅನುಕೂಲವನ್ನು ಹೇಳಲೇಬೇಕು. 1954ರ ರಿಪಬ್ಲಿಕ್ ಆಕ್ಟ್ 1080ರ ಪ್ರಕಾರ, ಬೋರ್ಡ್ ಪರೀಕ್ಷೆ ಪಾಸಾದವರು ಸರ್ಕಾರಿ ನೌಕರಿಗೆ ಬೇರೆ ಸಿವಿಲ್ ಸರ್ವಿಸ್ ಪರೀಕ್ಷೆ ಬರೆಯಬೇಕಿಲ್ಲ. ಅರ್ಜಿಯಲ್ಲಿ ‘ಆರ್‌ಎ 1080’ ಎಂದು ಬರೆದರೆ ಸಾಕು. ಒಂದೇ ಪರೀಕ್ಷೆ, ಎರಡು ಬಾಗಿಲು.

ಬಾಗಿಲು ತೆರೆಯಿತು, ಸರಿ. ಒಳಗೆ ಕುರ್ಚಿ ಇದೆಯಾ? ಅಸಲು ಕತೆ ಇರುವುದು ಇಲ್ಲಿ. ಅದಕ್ಕೆ ನೀವು ಒಂದು ಪದ ತಿಳಿದುಕೊಳ್ಳಬೇಕು: ‘ಐಟಂ’.

ಅಲ್ಲಿ ಮಂಜೂರಾದ ಹುದ್ದೆಗಳ ಪಟ್ಟಿಗೆ ‘ಪ್ಲಾಂಟಿಲ್ಲಾ’ ಎನ್ನುತ್ತಾರೆ. ಸ್ಪ್ಯಾನಿಷ್ ಕಾಲದಿಂದ ಉಳಿದ ಪದ. ಆ ಪಟ್ಟಿಯಲ್ಲಿರುವ ಒಂದೊಂದು ಹುದ್ದೆಯೂ ಒಂದು ಐಟಂ. ಇಬ್ಬರು ಲೈಬ್ರರಿಯನ್‌ಗಳು ಎಷ್ಟೋ ದಿನದ ಮೇಲೆ ಸಿಕ್ಕರೆ ಮೊದಲು ಕೇಳುವ ಮಾತು ‘ನಿಂಗೆ ಐಟಂ ಸಿಕ್ತಾ?’ ಎಂಬುದೇ. ನಮ್ಮಲ್ಲಿ ‘ಪರ್ಮನೆಂಟ್ ಆಯ್ತಾ?’ ಅಂತ ಕೇಳುತ್ತೇವಲ್ಲ, ಹಾಗೆ.

ಐಟಂ ಸಿಗದವರು ‘ಜಾಬ್ ಆರ್ಡರ್’ ಮೇಲೆ ದುಡಿಯುತ್ತಾರೆ. ಸಾಮಾನ್ಯವಾಗಿ ಆರು ತಿಂಗಳ ಒಪ್ಪಂದ. ಜೂನ್ 30ಕ್ಕೆ ಮುಗಿಯುತ್ತದೆ, ನವೀಕರಿಸಿದರೆ ಡಿಸೆಂಬರ್ 31ಕ್ಕೆ ಮತ್ತೆ ಮುಗಿಯುತ್ತದೆ. ಕೆಲಸಕ್ಕೆ ಬಂದ ದಿನಕ್ಕಷ್ಟೇ ಕೂಲಿ. ಜ್ವರ ಬಂದರೆ ಆ ದಿನದ ದುಡ್ಡು ಹೋಯಿತು. ಸರ್ಕಾರಿ ನೌಕರರ ವಿಮೆ, ಪಿಂಚಣಿ ಇಲ್ಲ. ಹತ್ತು ವರ್ಷ ಹೀಗೆ ದುಡಿದರೂ ಅದು ಸರ್ಕಾರಿ ಸೇವೆ ಎಂದು ಲೆಕ್ಕಕ್ಕೆ ಬರುವುದಿಲ್ಲ.

ಲುಜಾನ್ ದ್ವೀಪದ ಒಂದು ಪುಟ್ಟ ಊರಿನ ಲೈಬ್ರರಿಯಲ್ಲಿ ನಾನು ಅರ್ಧ ದಿನ ಕಳೆದಿದ್ದೆ. ಪುರಸಭೆ ಕಟ್ಟಡದ ಹಿಂದೆ ಎರಡು ಕೋಣೆ, ಮೇಲೆ ಶೀಟು. ನೋಡಿಕೊಳ್ಳುವ ಹೆಣ್ಣುಮಗಳು ಲೈಸೆನ್ಸ್ ಪಡೆದವರೇ. ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ, ಸೋರದ ಗೋಡೆ ಹುಡುಕಿ ನೇತುಹಾಕಿದ್ದರು. ಬೆಳಿಗ್ಗೆ ಬಾಗಿಲು ತೆಗೆದು ಗುಡಿಸಿದರು. ಶಾಲೆ ಮಕ್ಕಳಿಗೆ ಕತೆ ಓದಿದರು. ಮಧ್ಯೆ ಮೇಯರ್ ಕಚೇರಿಯಿಂದ ಫೋನ್ ಬಂತು, ಯಾವುದೋ ಸಮಾರಂಭಕ್ಕೆ ಆಹ್ವಾನ ಪತ್ರ ಟೈಪ್ ಮಾಡಿಕೊಟ್ಟು ಬಂದರು. ಮೂರು ಗಂಟೆಗೆ ‘ಮೆರಿಯೆಂಡಾ’, ಅಂದರೆ ಸಂಜೆ ತಿಂಡಿ. ಬಾಳೆಹಣ್ಣಿಗೆ ಸಕ್ಕರೆ ಸುತ್ತಿ ಕರಿದದ್ದನ್ನು ನನ್ನ ತಟ್ಟೆಗೆ ಹಾಕುತ್ತಾ ಹೇಳಿದರು: ‘ಏಳು ವರ್ಷ ಆಯ್ತು ಸರ್, ಇನ್ನೂ ಜಾಬ್ ಆರ್ಡರ್.’ ದೂರು ಹೇಳುವ ದನಿ ಇರಲಿಲ್ಲ. ನನಗೇ ಆ ತುತ್ತು ಇಳಿಯಲಿಲ್ಲ.

ಕಾನೂನು ಇದ್ದೂ ಹೀಗೇಕೆ? ಎರಡು ಕಾನೂನುಗಳು ಒಂದಕ್ಕೊಂದು ಎದುರು ನಿಂತಿವೆ. 1994ರ ರಿಪಬ್ಲಿಕ್ ಆಕ್ಟ್ 7743 ಪ್ರತಿ ನಗರಕ್ಕೂ, ಪ್ರತಿ ಪುರಸಭೆಗೂ ಲೈಬ್ರರಿ ಬೇಕು, ಅದರ ಕೆಳಗಿನ ‘ಬರಾಂಗಾಯ್’ಗೂ, ಅಂದರೆ ಗ್ರಾಮ ಮಟ್ಟದಲ್ಲೂ, ಓದುವ ಕೇಂದ್ರ ಬೇಕು ಎನ್ನುತ್ತದೆ. ಒಳ್ಳೆಯ ಕಾನೂನು. ಆದರೆ ಲೈಬ್ರರಿ ನಡೆಸುವ ಹೊಣೆ ಇರುವುದು ಸ್ಥಳೀಯ ಆಡಳಿತದ ಮೇಲೆ. 1991ರ ಸ್ಥಳೀಯ ಸರ್ಕಾರ ಸಂಹಿತೆ ಅವರ ಕೈ ಕಟ್ಟಿದೆ. ಅನುಕೂಲಸ್ಥ ಊರುಗಳು ಆದಾಯದ 45 ಶೇಕಡಾಕ್ಕಿಂತ ಹೆಚ್ಚನ್ನು ಸಂಬಳಕ್ಕೆ ಬಳಸುವಂತಿಲ್ಲ. ಬಡ ಊರುಗಳಿಗೆ ಆ ಮಿತಿ 55. ನರ್ಸ್ ಬೇಕು, ಇಂಜಿನಿಯರ್ ಬೇಕು, ಲೆಕ್ಕಿಗ ಬೇಕು. ಲೈಬ್ರರಿಯನ್ ಸರದಿ ಬರುವ ಹೊತ್ತಿಗೆ ಮಿತಿ ಮುಟ್ಟಿರುತ್ತದೆ. ಜಾಬ್ ಆರ್ಡರ್ ಕೂಲಿ ಮಾತ್ರ ಸಂಬಳದ ಬಾಬ್ತಿಗೆ ಬರುವುದಿಲ್ಲ, ನಿರ್ವಹಣಾ ವೆಚ್ಚಕ್ಕೆ ಹೋಗುತ್ತದೆ. ಮೇಯರ್ ಒಳ್ಳೆಯವರೇ ಇರಲಿ, ಸುಲಭದ ದಾರಿ ಅದೇ ಆಗಿಬಿಡುತ್ತದೆ. ನಾಲ್ಕು ವರ್ಷ ಓದಿ, ಪರೀಕ್ಷೆ ಬರೆದು, ಪ್ರಮಾಣ ಮಾಡಿದವರು ಪೊರಕೆ, ಫಿನಾಯಿಲ್ ಕೊಳ್ಳುವ ಬಾಬ್ತಿನಲ್ಲಿ ಕೂಲಿ ಪಡೆಯುತ್ತಾರೆ. ಇದು ಅನ್ಯಾಯ ಎನ್ನಲು ನನಗೆ ಹಿಂಜರಿಕೆ ಇಲ್ಲ.

ಐಟಂ ಸಿಕ್ಕವರ ಬದುಕು ಬೇರೆ. ಲೈಬ್ರರಿಯನ್ 1 ಎಂದರೆ 11ನೇ ಸಂಬಳ ಗ್ರೇಡ್. ಸರ್ಕಾರಿ ಶಾಲೆಯಲ್ಲಿ ಹೊಸದಾಗಿ ಸೇರುವ ಟೀಚರ್‌ಗೂ ಅದೇ ಗ್ರೇಡ್. 2025ರ ರಾಷ್ಟ್ರೀಯ ಪಟ್ಟಿಯಲ್ಲಿ ಅದು ತಿಂಗಳಿಗೆ 30,024 ಪೆಸೊ. ಲೈಬ್ರರಿಯನ್ 2 ಆದರೆ ನೇರ 15ನೇ ಗ್ರೇಡ್, 40 ಸಾವಿರ ದಾಟುತ್ತದೆ. ಲೈಬ್ರರಿಯನ್ 3 ಎಂದರೆ 18ನೇ ಗ್ರೇಡ್, 51 ಸಾವಿರ ಚಿಲ್ಲರೆ. ಆದರೆ ಇದು ಪೂರ್ತಿ ಸಿಗುವುದು ರಾಷ್ಟ್ರೀಯ ಸಂಸ್ಥೆಗಳಲ್ಲಿ, ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ, ಶ್ರೀಮಂತ ನಗರಗಳಲ್ಲಿ. ಪುರಸಭೆಯ ಆದಾಯದ ದರ್ಜೆ ಇಳಿದ ಹಾಗೆ ಸಂಬಳವೂ ಇಳಿಯುತ್ತದೆ. ಮೊದಲ ದರ್ಜೆಯ ಪುರಸಭೆ 90 ಶೇಕಡಾ ಕೊಟ್ಟರೆ, ಆರನೇ ದರ್ಜೆಯದು 65 ಶೇಕಡಾ ಕೊಡುತ್ತಿತ್ತು. ಒಂದೇ ಲೈಸೆನ್ಸ್, ಒಂದೇ ಹುದ್ದೆ, ಊರು ಬಡದಾದ ತಪ್ಪಿಗೆ ಮೂರನೇ ಒಂದು ಭಾಗ ಕಡಿಮೆ.

ಬಡ್ತಿ ಹೇಗೆ ಎಂದು ಕೇಳಿದ್ದೀರಿ. ಒಂದೇ ಕುರ್ಚಿಯಲ್ಲಿ ಕೂತರೆ ಮೂರು ವರ್ಷಕ್ಕೊಮ್ಮೆ ಒಂದು ‘ಸ್ಟೆಪ್’ ಏರುತ್ತದೆ. ಕೆಳಗಿನ ಗ್ರೇಡುಗಳಲ್ಲಿ ಅದು ಕೆಲವೇ ನೂರು ಪೆಸೊ. ಗ್ರೇಡ್ ಏರಬೇಕಾದರೆ ಮೇಲೆ ಐಟಂ ಖಾಲಿಯಾಗಬೇಕು. ಸಣ್ಣ ಊರಿನ ಲೈಬ್ರರಿಯಲ್ಲಿ ಇರುವುದೇ ಒಂದು ಐಟಂ. ಮೇಲಿನದು ಖಾಲಿಯಾಗಲು ಮೇಲೆ ಏನೂ ಇಲ್ಲ! ಹಾಗಾಗಿ ಅಲ್ಲಿ ಬೆಳೆಯುವುದು ಎಂದರೆ ಜಾಗ ಬದಲಿಸುವುದು. ಪುರಸಭೆಯಿಂದ ಪ್ರಾಂತ್ಯದ ಲೈಬ್ರರಿಗೆ, ಅಲ್ಲಿಂದ ಹಲವು ಶಾಖೆಗಳಿರುವ ಕೇಸೋನ್ ಸಿಟಿಯಂಥ ನಗರ ಲೈಬ್ರರಿಗೆ, ಇಲ್ಲವೇ ಮನಿಲಾದ ರಾಷ್ಟ್ರೀಯ ಗ್ರಂಥಾಲಯಕ್ಕೆ. ನಲವತ್ತು ವರ್ಷದೊಳಗೆ ಐದಾರು ಕಡೆ ಕೆಲಸ ಮಾಡಿದವರ ಬಯೋಡೇಟಾ ನೋಡಿದರೆ ನಮಗೆ ಅವರು ನಿಲ್ಲದವರು ಅನ್ನಿಸುತ್ತದೆ. ಹಾಗಲ್ಲ. ಏಣಿ ಇದ್ದದ್ದೇ ಬೇರೆ ಬೇರೆ ಮನೆಗಳಲ್ಲಿ.

ಶಾಲೆಗಳ ಕತೆಯಲ್ಲಿ ಒಂದು ಒಳ್ಳೆಯದಿದೆ. 1966ರ ಸರ್ಕಾರಿ ಶಾಲಾ ಶಿಕ್ಷಕರ ಕಾನೂನು, ರಿಪಬ್ಲಿಕ್ ಆಕ್ಟ್ 4670, ‘ಶಿಕ್ಷಕ’ ಎಂಬ ಪದದ ಅರ್ಥದೊಳಗೇ ಶಾಲಾ ಲೈಬ್ರರಿಯನ್‌ರನ್ನು ಸೇರಿಸಿದೆ. ಟೀಚರ್‌ಗೆ ಇರುವ ರಕ್ಷಣೆ ಇವರಿಗೂ ಉಂಟು. ಆದರೆ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಲೈಬ್ರರಿಯನ್ ಐಟಂ ಇಲ್ಲ. ಯಾರಾದರೂ ಟೀಚರ್‌ಗೆ ಪಾಠದ ಜೊತೆ ಲೈಬ್ರರಿ ಬೀಗದ ಕೈಯನ್ನೂ ಕೊಡುತ್ತಾರೆ. ಅವರು ‘ಟೀಚರ್-ಲೈಬ್ರರಿಯನ್’. ನಮ್ಮ ಶಾಲೆಗಳಲ್ಲೂ ನಡೆಯುವುದು ಇದೇ, ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಖಾಸಗಿ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಬಡ್ತಿಗೆ ಬೇಕಾದದ್ದು ಸ್ನಾತಕೋತ್ತರ ಪದವಿ, ಸಂಶೋಧನಾ ಲೇಖನ, ಸಂಘದ ಕೆಲಸ. ಕೆಲವು ಕಡೆ ಲೈಬ್ರರಿಯನ್‌ಗಳಿಗೆ ಅಧ್ಯಾಪಕರ ಹಾಗೆ ರ‍್ಯಾಂಕ್ ಇದೆ. 2016 ಮತ್ತು 2017ರಲ್ಲಿ ಅವರಿಗೆ ಕಷ್ಟ ಬಂತು. ಶಾಲಾ ಶಿಕ್ಷಣಕ್ಕೆ ಎರಡು ವರ್ಷ ಸೇರಿಸಿದ್ದರಿಂದ ಕಾಲೇಜುಗಳಿಗೆ ಹೊಸ ವಿದ್ಯಾರ್ಥಿಗಳು ಬರುವುದೇ ಬಹುಮಟ್ಟಿಗೆ ನಿಂತಿತು. ಗಲ್ಫ್ ಕಡೆ ನೋಡತೊಡಗಿದ ಕಾಲೇಜು ಸಿಬ್ಬಂದಿಯಲ್ಲಿ ಲೈಬ್ರರಿಯನ್‌ಗಳೂ ಇದ್ದರು. ನಿಮ್ಮ ಮುಖ್ಯಸ್ಥೆ ಯಾವ ವರ್ಷ ದೋಹಾಕ್ಕೆ ಬಂದರು ಎಂದು ಒಮ್ಮೆ ಕೇಳಿ ನೋಡಿ.

ಅವರ ಪರ್ಸಿನಲ್ಲಿರುವ ಕಾರ್ಡಿನ ಬಗ್ಗೆಯೂ ಹೇಳಬೇಕು. ಅದರ ಅವಧಿ ಮೂರು ವರ್ಷ, ಮುಗಿಯುವುದು ಹುಟ್ಟುಹಬ್ಬದ ದಿನ. ನವೀಕರಿಸಲು ಹೊಸದೇನೋ ಕಲಿತದ್ದಕ್ಕೆ ಪುರಾವೆ ಬೇಕು. 2016ರ ರಿಪಬ್ಲಿಕ್ ಆಕ್ಟ್ 10912 ಇದನ್ನು ಕಡ್ಡಾಯ ಮಾಡಿತು. ಕಲಿಕೆಯನ್ನು ‘ಯೂನಿಟ್’ ಲೆಕ್ಕದಲ್ಲಿ ಅಳೆಯುತ್ತಾರೆ, ಮೊದಲು 45 ಯೂನಿಟ್ ಬೇಕಿತ್ತು. ಬಡ ನೌಕರರು ಸೆಮಿನಾರ್ ಶುಲ್ಕ ಕಟ್ಟಲಾರದೆ ಗಲಾಟೆ ಎದ್ದ ಮೇಲೆ 2019ರಲ್ಲಿ 15ಕ್ಕೆ ಇಳಿಸಿದರು. ಹೊರದೇಶದಲ್ಲಿ ದುಡಿಯುವವರಿಗೆ ಆಗಲೇ ವಿನಾಯಿತಿಯೂ ಸಿಕ್ಕಿತು. ಮನಿಲಾದ ಕಾಲೇಜೊಂದರ ಲೈಬ್ರರಿಯನ್ ತಮ್ಮ ಫೋಲ್ಡರ್ ತೋರಿಸಿದ್ದು ನೆನಪಿದೆ. ಪ್ಲಾಸ್ಟಿಕ್ ಹಾಳೆಯೊಳಗೆ ಒಂದೊಂದೇ ಸರ್ಟಿಫಿಕೇಟ್, ಪಕ್ಕದಲ್ಲಿ ಪೆನ್ಸಿಲಿನಲ್ಲಿ ಯೂನಿಟ್ ಲೆಕ್ಕ. ಪ್ರವಾಹ ಬಂದಾಗ ಮನೆಯಿಂದ ಮೊದಲು ಎತ್ತಿಕೊಂಡು ಓಡಿದ್ದು ಇದನ್ನೇ ಅಂದರು.

ಸೆಮಿನಾರುಗಳನ್ನು ನಡೆಸುವುದು ಸಂಘಗಳು. ನನ್ನ ಕಣ್ಣಲ್ಲಿ ಅಲ್ಲಿನ ವೃತ್ತಿಯ ಬೆನ್ನೆಲುಬು ಇವೇ. ದೊಡ್ಡ ಸಂಘ ಪಿಎಲ್‌ಎಐ (ಫಿಲಿಪೀನ್ ಲೈಬ್ರರಿಯನ್ಸ್ ಅಸೋಸಿಯೇಷನ್), 1923ರಲ್ಲಿ ಹುಟ್ಟಿದ್ದು, ಪ್ರತಿ ಪ್ರದೇಶದಲ್ಲೂ ಶಾಖೆ ಇದೆ. ವಿಶೇಷ ಗ್ರಂಥಾಲಯಗಳವರು 1954ರಲ್ಲಿ, ಕಾಲೇಜು ಮತ್ತು ಸಂಶೋಧನಾ ಗ್ರಂಥಾಲಯಗಳವರು 1972ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು. ನವೆಂಬರ್ ಅಲ್ಲಿ ಗ್ರಂಥಾಲಯ ತಿಂಗಳು. ನಮ್ಮ ಗ್ರಂಥಾಲಯ ಸಪ್ತಾಹವೂ ನವೆಂಬರ್‌ನಲ್ಲೇ ತಾನೇ? ನಾವು ಒಂದು ವಾರ ಆಚರಿಸುವುದನ್ನು ಅವರು ಇಡೀ ತಿಂಗಳು ಆಚರಿಸುತ್ತಾರೆ. 1945ರ ಮನಿಲಾ ಯುದ್ಧದಲ್ಲಿ ರಾಷ್ಟ್ರೀಯ ಗ್ರಂಥಾಲಯ, ಫಿಲಿಪೀನ್ಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಎರಡೂ ತಮ್ಮ ಸಂಗ್ರಹದ ಬಹುಪಾಲನ್ನು ಕಳೆದುಕೊಂಡವು. ಆ ಬೂದಿಯಿಂದ ಮತ್ತೆ ಕಟ್ಟಿದವರ ಶಿಷ್ಯರ ಶಿಷ್ಯರು ಇವರು. ತಮ್ಮ ದೇಶದ ಬಗೆಗಿನ ಪುಸ್ತಕಗಳನ್ನು ‘ಫಿಲಿಪಿನಿಯಾನಾ’ ಎಂದು ಪ್ರತ್ಯೇಕ ಕೋಣೆಯಲ್ಲಿ ಜೋಪಾನ ಮಾಡುವ ಅವರ ಅಭ್ಯಾಸ ನೋಡುವಾಗೆಲ್ಲ ನನಗೆ ಇದು ನೆನಪಾಗುತ್ತದೆ.

ಇಷ್ಟಾದ ಮೇಲೆ ಅವರು ದೋಹಾಕ್ಕೆ ಯಾಕೆ ಬಂದರು ಎಂಬುದು ನಿಮಗೇ ಹೊಳೆದಿರಬೇಕು. ಐಟಂ ಇಲ್ಲದೆ ಬಂದಿರಬಹುದು. ಐಟಂ ಇದ್ದೂ ತಮ್ಮ, ತಂಗಿಯರ ಓದಿಗೆ ದುಡ್ಡು ಸಾಲದೆ ಬಂದಿರಬಹುದು. ಹೊರಗೆ ಬಂದ ಮೇಲೆ ಅವರ ಲೈಸೆನ್ಸ್‌ಗೆ ಕಾನೂನಿನ ಬಲ ಇರುವುದಿಲ್ಲ. ಆಗ್ನೇಯ ಏಷ್ಯಾದ ಆಸಿಯಾನ್ ಕೂಟದ ದೇಶಗಳು ನರ್ಸ್, ಇಂಜಿನಿಯರ್, ಲೆಕ್ಕಪರಿಶೋಧಕರಂಥ ಎಂಟು ವೃತ್ತಿಗಳನ್ನು ಪರಸ್ಪರ ಒಪ್ಪುವ ಒಪ್ಪಂದ ಮಾಡಿಕೊಂಡಿವೆ. ಲೈಬ್ರರಿಯನ್ ಆ ಎಂಟರಲ್ಲಿ ಇಲ್ಲ. ಅಮೆರಿಕದ ಹೆಚ್ಚಿನ ಲೈಬ್ರರಿಗಳು ತಮ್ಮ ಸಂಘ ಒಪ್ಪಿದ ಸ್ನಾತಕೋತ್ತರ ಪದವಿಯನ್ನೇ ಕೇಳುತ್ತವೆ. ಅಲ್ಲಿಗೆ ಹೋದವರು ಮತ್ತೆ ಓದಬೇಕು, ಇಲ್ಲವೇ ಸಹಾಯಕರಾಗಿ ಶುರು ಮಾಡಬೇಕು. ಗಲ್ಫ್ ಶಾಲೆಗಳಲ್ಲಿ, ಸಿಂಗಪುರದಲ್ಲಿ ಆ ಕಾರ್ಡ್ ಬಯೋಡೇಟಾದ ತೂಕ ಹೆಚ್ಚಿಸುತ್ತದೆ, ಅಷ್ಟೇ. ಆದರೂ ನವೀಕರಿಸುತ್ತಾರೆ. ಯಾಕೆಂದರೆ ಎಂದಾದರೂ ಊರಿಗೆ ಮರಳಿದರೆ ಕೆಲಸಕ್ಕೆ ಅದು ಬೇಕೇ ಬೇಕು.

ನೀವು ಪರೀಕ್ಷೆ ಬರೆಯಬಹುದಾ? ಸದ್ಯಕ್ಕೆ ಆಗದು ಎಂದೇ ಇಟ್ಟುಕೊಳ್ಳಿ. ಪರದೇಶದವರಿಗೆ ಅವಕಾಶ ಸಿಗಬೇಕಾದರೆ, ಅವರ ದೇಶವೂ ಫಿಲಿಪೀನ್ಸ್‌ನವರಿಗೆ ಅಂಥದ್ದೇ ಅವಕಾಶ ಕೊಡಬೇಕು ಎನ್ನುತ್ತದೆ ಆ ಕಾನೂನು. ಭಾರತದಲ್ಲಿ ಲೈಬ್ರರಿಯನ್ ಲೈಸೆನ್ಸ್ ಎಂಬುದೇ ಇಲ್ಲ, ಇನ್ನು ಕೊಡುವುದು ಏನನ್ನು? ಅದಕ್ಕೆ ಬೇಜಾರು ಬೇಡ. ನೀವು ಓದಿದ್ದು ಕಡಿಮೆಯೇನಲ್ಲ. ಆ ಪರೀಕ್ಷೆಗೆ ಕೂರುವವರೂ ನಮ್ಮ ಗ್ರಂಥಾಲಯ ವಿಜ್ಞಾನಿ ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳನ್ನು ಓದಿಯೇ ಕೂರುತ್ತಾರೆ. ಅದೇ ರಂಗನಾಥನ್ 1962ರಲ್ಲಿ ನಮ್ಮ ಬೆಂಗಳೂರಿನಲ್ಲಿ ಡಿಆರ್‌ಟಿಸಿ ಎಂಬ ಗ್ರಂಥಾಲಯ ವಿಜ್ಞಾನದ ಸಂಶೋಧನೆ, ತರಬೇತಿ ಕೇಂದ್ರ ಕಟ್ಟಿದವರು.

ನೀವು ಈಗಲೇ ಮಾಡಬಹುದಾದ ಕೆಲಸ ಒಂದಿದೆ. ನಾಳೆ ಅವರನ್ನು ಕೇಳಿ, ‘ಮಾಮ್, ನಿಮ್ಮ ಫೋಲ್ಡರ್ ಒಮ್ಮೆ ತೋರಿಸ್ತೀರಾ?’ ಅಂತ. ಖುಷಿಯಿಂದ ತೋರಿಸುತ್ತಾರೆ. ಅದನ್ನು ನೋಡಿ ನಿಮ್ಮದೂ ಒಂದು ಶುರು ಮಾಡಿ: ಮಾಡಿದ ಕೋರ್ಸು, ಮಕ್ಕಳಿಗೆ ನಡೆಸಿದ ಓದುವ ಕಾರ್ಯಕ್ರಮ, ಕ್ಯಾಟಲಾಗ್ ಮಾಡಿದ ಪುಸ್ತಕಗಳ ಲೆಕ್ಕ, ತಾರೀಖು ಸಮೇತ. ಅವರ ಸಂಘಗಳ ಆನ್‌ಲೈನ್ ಸೆಮಿನಾರು ನಡೆಯುವಾಗ ಪಕ್ಕದಲ್ಲಿ ಕೂತು ಕೇಳಿ, ಬಹುತೇಕ ಇಂಗ್ಲಿಷಿನಲ್ಲೇ ಇರುತ್ತವೆ. ಕ್ಯಾಟಲಾಗಿಂಗ್‌ನಲ್ಲಿ ಅನುಮಾನ ಬಂದಾಗ ಸುಮ್ನೆ ಗೂಗಲ್ ಮಾಡಬೇಡಿ, ಅವರನ್ನೇ ಕೇಳಿ. ಮುಂದಿನ ಬಾರಿ ಬರೆಯುವಾಗ ನಿಮ್ಮ ಶಾಲೆಯಲ್ಲಿ ಸಹಾಯಕಿಯಿಂದ ಲೈಬ್ರರಿಯನ್ ಆಗಲು ಯಾವ ಅರ್ಹತೆ ಕೇಳುತ್ತಾರೆ ಎಂದು ತಿಳಿಸಿ. ಆ ಪಟ್ಟಿ ಎದುರಿಗಿಟ್ಟುಕೊಂಡು ನಿಮ್ಮ ಮುಂದಿನ ಓದಿನ ಬಗ್ಗೆ ಮಾತಾಡೋಣ.